ಸ್ಟೇಜ್ ಮೇಲೆ ಬೇಸ್ ಗಿಟಾರ್ ಶ್ರುತಿ ಇಳಿಸೋದು: ನುಡಿಸ್ತಾ ನುಡಿಸ್ತಾ ಕಂಡಿದ್ದು

ನಿಮ್ ಪ್ರಶ್ನೆ ಪೂರ್ತಿ ಓದ್ದೆ. ನಾಲ್ಕು ತಂತಿ ಬೇಸ್ ಇದೆ (ದಪ್ಪದಿಂದ ತೆಳ್ಳಗೆ ಇ, ಎ, ಡಿ, ಜಿ), ಆರ್ಕೆಸ್ಟ್ರಾದಲ್ಲಿ ಸಿನಿಮಾ ಹಾಡು ನುಡಿಸ್ತೀರಿ, ಜೊತೆಗೆ ಫ್ರೆಂಡ್ಸ್ ಸೇರ್ಕೊಂಡು ಮೆಟಲ್ ಬ್ಯಾಂಡೂ ಇದೆ, ಎರಡು ಕಡೇನೂ ಇ ಗಿಂತ ಕೆಳಗಿನ ಸ್ವರ ಬೇಕಾಗುತ್ತೆ, ಸ್ಟೇಜ್ ಮೇಲೆ ಕೀ ತಿರುಗಿಸ್ತಾ ನಿಂತ್ರೆ ಅಷ್ಟರಲ್ಲಿ ನಿರೂಪಕರು ಮುಂದಿನ ಹಾಡು ಅನೌನ್ಸ್ ಮಾಡಿ ಆಗಿರುತ್ತೆ, ಇಳಿಸಿದ ತಂತಿ ಸಡಿಲ ಆಗಿ ಫ್ರೆಟ್‌ಗೆ, ಅಂದ್ರೆ ನೆಕ್ ಮೇಲಿನ ಲೋಹದ ಅಡ್ಡಪಟ್ಟಿಗೆ, ಬಡಿಯುತ್ತೆ, ಪೆಡಲ್ ತಗೊಳ್ಳೋದಾ ಐದು ತಂತಿ ಬೇಸ್ ತಗೊಳ್ಳೋದಾ ಅಂತ ಕೇಳಿದೀರಿ. ನಾನು ಎರಡೂ ಥರದ ಸ್ಟೇಜ್‌ನಲ್ಲಿ ನುಡಿಸ್ತೀನಿ, ಹಾಗಾಗಿ ಸ್ವಲ್ಪ ಉದ್ದಕ್ಕೇ ಬರೀತಿದೀನಿ.

ನನ್ ಅಭಿಪ್ರಾಯ ಮೊದಲೇ ಹೇಳ್ಬಿಡ್ತೀನಿ. ಶ್ರುತಿ ಇಳಿಸೋದು ದೊಡ್ಡ ಕೆಲಸ ಅಲ್ಲ, ಇಳಿಸಿದ್ಮೇಲೂ ತಂತಿ ಬಿಗಿಯಾಗಿ ಇರ್ಬೇಕು ಅನ್ನೋದೇ ಕೆಲಸ. ಏನೇ ಖರೀದಿ ಮಾಡೋ ಮುಂಚೆ ಇದೊಂದನ್ನ ತಲೇಲಿ ಇಟ್ಕೊಳಿ. ಅದೇ ತಂತಿ, ಅದೇ ಉದ್ದ ಇದ್ರೆ ಬಿಗಿ ಅನ್ನೋದು ಕಂಪನದ ಸಂಖ್ಯೆಯ ವರ್ಗಕ್ಕೆ (ಅದನ್ನ ಅದರಿಂದಲೇ ಗುಣಿಸಿದ್ದಕ್ಕೆ) ತಕ್ಕ ಹಾಗೆ ಬದಲಾಗುತ್ತೆ, ಅಂದ್ರೆ ಇ ನ ಡಿ ಗೆ ತಂದ್ರೆ 41 ಹರ್ಟ್ಜ್ (ಸೆಕೆಂಡಿಗೆ 41 ಸಲ ಕಂಪನ) ಇದ್ದಿದ್ದು ಸುಮಾರು 36.7 ಆಗುತ್ತೆ, ಸ್ವರ ಇಳಿದಿದ್ದು ಎರಡೇ ಫ್ರೆಟ್, ಬಿಗಿ ಮಾತ್ರ 20 ಶೇಕಡ ಹೋಯ್ತು. ಸಿ ಶಾರ್ಪ್‌ಗೆ ತಂದ್ರೆ 29 ಶೇಕಡ ಹೋಯ್ತು. ಬಿ ವರೆಗೆ ಎಳೆದ್ರೆ 44 ಶೇಕಡ, ಹತ್ರ ಹತ್ರ ಅರ್ಧ. ಆ ತಂತಿ ಮೇಲೆ ಬೆರಳು ಇಟ್ರೇನೇ ಗೊತ್ತಾಗುತ್ತೆ, ಮೀಟಿದ ತಕ್ಷಣ ಸ್ವರ ಮೇಲಕ್ಕೆ ಹೋಗಿ ಆಮೇಲೆ ಕೆಳಗಿಳಿದು ನಿಲ್ಲುತ್ತೆ, ಟ್ಯೂನರ್ ಮುಳ್ಳು ಒಂದು ಕಡೆ ನಿಲ್ಲಲ್ಲ. ನಿಮ್ ತಂತಿ ಬಡಿಯೋದಕ್ಕೆ ನಿಮ್ ಕೈ ಕಾರಣ ಅಲ್ಲ, ಈ ಲೆಕ್ಕ ಕಾರಣ.

ಆರ್ಕೆಸ್ಟ್ರಾ ವಿಷಯ ಮೊದಲು ನೋಡೋಣ, ಯಾಕಂದ್ರೆ ಅಲ್ಲಿ ಕಷ್ಟ ಬೇರೆ ಥರ. ಗಾಯಕರಿಗೆ ಗಂಟಲು ಸರಿ ಇಲ್ಲ, ಅರ್ಧ ಕಮ್ಮಿ ಮಾಡ್ರಪ್ಪ ಅಂತಾರೆ, ಕೀಬೋರ್ಡ್‌ನವರು ಟ್ರಾನ್ಸ್‌ಪೋಸ್ ಬಟನ್ ಒಂದು ಸಲ ಒತ್ತಿ ಸುಮ್ನಾಗ್ತಾರೆ, ನಾವು ಬೇಸ್‌ನವರು ಮಾತ್ರ ಪೂರ್ತಿ ಹಾಡನ್ನ ಒಂದು ಫ್ರೆಟ್ ಹಿಂದಕ್ಕೆ ತಳ್ಬೇಕು. ಇ ಲಿ ಇದ್ದ ಹಾಡು ಇ ಫ್ಲಾಟ್‌ಗೆ ಬಂದ್ರೆ ಓಪನ್ ಇ ಗೆ (ಬೆರಳು ಒತ್ತದೆ ಮೀಟಿದ ಇ ತಂತಿಗೆ) ಕೆಳಗೆ ಜಾಗಾನೇ ಇಲ್ಲ, ಎ ತಂತಿಯ ಆರನೇ ಫ್ರೆಟ್‌ಗೆ ಹೋದ್ರೆ ಅದು ಮೇಲಿನ ಸ್ಥಾಯಿ, ಪಲ್ಲವಿ ತೂಕ ಹೋಗ್ಬಿಡುತ್ತೆ. ಇಂಥ ಕಡೆಗೆ ಡ್ರಾಪ್ ಪೆಡಲ್, ಅಂದ್ರೆ ಬೇಸ್ ಸದ್ದನ್ನ ಕೆಳಗಿನ ಶ್ರುತಿಗೆ ಇಳಿಸೋ ಪೆಡಲ್, ನಿಜವಾಗ್ಲೂ ಉಪಯೋಗಕ್ಕೆ ಬರುತ್ತೆ. ಡಿಜಿಟೆಕ್ ಡ್ರಾಪ್ ಅಂತ ಒಂದಿದೆ, ಅರ್ಧ ಸ್ವರದಿಂದ ಏಳು ಅರ್ಧ ಸ್ವರದವರೆಗೆ ಇಳಿಸುತ್ತೆ, ಅದೇ ಕಂಪನಿಯ ಬೇಸ್ ವ್ಯಾಮಿ, ಎಲೆಕ್ಟ್ರೋ ಹಾರ್ಮೋನಿಕ್ಸ್‌ನ ಪಿಚ್ ಫೋರ್ಕ್ ಕೂಡ ಸ್ವರ ಇಳಿಸೋ ಪೆಡಲ್‌ಗಳೇ. ಕಾಲಲ್ಲಿ ಒತ್ತಿದ್ರೆ ಆಯ್ತು, ಬೆರಳು ಕಲಿತ ಜಾಗದಲ್ಲೇ ಇರುತ್ತೆ. ರಿಹರ್ಸಲ್ ಇಲ್ದೆ ನುಡಿಸೋ ಕಾರ್ಯಕ್ರಮಗಳಲ್ಲಿ ಇದರಷ್ಟು ಸಹಾಯ ಬೇರೆ ಯಾವ್ದೂ ಮಾಡಲ್ಲ.

ಆದ್ರೆ ಪೆಡಲ್‌ಗೆ ಮಿತಿ ಇದೆ. ಅರ್ಧ ಸ್ವರ, ಒಂದು ಸ್ವರದವರೆಗೆ ಕೇಳೋರಿಗೆ ಗೊತ್ತಾಗಲ್ಲ. ಅಲ್ಲಿಂದ ಕೆಳಗೆ ಹೋದ ಹಾಗೆ ತಂತಿ ಸದ್ದು ಕರಗಿ ಯಂತ್ರದ ಸದ್ದು ಬರೋಕೆ ಶುರು ಆಗುತ್ತೆ, ಸ್ವಲ್ಪ ತಡ ಆಗೋದೂ ಕೈಗೆ ತಿಳಿಯುತ್ತೆ. ಇ ತಂತಿ ಒಂದು ಸುತ್ತು ಅಲುಗೋಕೇ 24 ಮಿಲಿಸೆಕೆಂಡ್ ಬೇಕು, ಕೆಳಗಿನ ಸ್ವರ ಆದಷ್ಟೂ ಪೆಡಲ್‌ಗೆ ಅದನ್ನ ಅರ್ಥ ಮಾಡ್ಕೊಳೋದು ಕಷ್ಟ. ಇನ್ನೊಂದು ತೊಂದರೆ, ಸಣ್ಣ ರೂಮಲ್ಲಿ ಕಮ್ಮಿ ವಾಲ್ಯೂಮ್‌ನಲ್ಲಿ ಅಭ್ಯಾಸ ಮಾಡುವಾಗ ನಿಮ್ ತಂತಿಯ ನಿಜವಾದ ಸದ್ದು ಒಂದು ಶ್ರುತಿಲಿ, ಆಂಪ್ ಸದ್ದು ಇನ್ನೊಂದು ಶ್ರುತಿಲಿ ಕೇಳಿ ತಲೆ ಕೆಡುತ್ತೆ, ಇನ್‌ಇಯರ್ (ಕಿವಿಯೊಳಗಿನ ಇಯರ್‌ಫೋನ್) ಹಾಕ್ಕೊಂಡ್ರೆ ಆ ಕಾಟ ಇಲ್ಲ. ಪವರ್ ವಿಷಯ ಕೂಡ ಗಮನಿಸಿ, ಡಿಜಿಟಲ್ ಪೆಡಲ್‌ಗೆ ಕರೆಂಟ್ ಜಾಸ್ತಿ ಬೇಕು, ಒಂದೇ ಅಡಾಪ್ಟರ್‌ನಿಂದ ಸಾಲಾಗಿ ನಾಲ್ಕು ಪೆಡಲ್‌ಗೆ ಕೊಟ್ರೆ ಕುಂಯ್ ಅಂತ ಸದ್ದು ಬರೋ ಸಾಧ್ಯತೆ ಇದೆ, ಜನರೇಟರ್ ಮೇಲೆ ನಡೆಯೋ ಗಣೇಶೋತ್ಸವದ ಸ್ಟೇಜ್‌ನಲ್ಲಿ ಅದು ಇನ್ನೂ ಜೋರಾಗುತ್ತೆ. ಬೇರೆ ಅಡಾಪ್ಟರ್ ಇಟ್ಕೊಳಿ.

ಆಕ್ಟೇವ್ ಪೆಡಲ್ ಬೇರೆ ವಿಷಯ, ಎರಡನ್ನೂ ಕಲಸಿ ಮಾತಾಡೋರು ತುಂಬಾ ಜನ ಇದಾರೆ. ಬಾಸ್ ಕಂಪನಿಯ ಓಸಿ 2 ಅಂತ 1982ರಿಂದ ಇದ್ದ ಹಳೇದು, ಈಗ ಓಸಿ 5 ಇದೆ, ಅದು ನೀವು ನುಡಿಸಿದ ಸ್ವರಕ್ಕೆ ಪೂರ್ತಿ ಒಂದು ಸ್ಥಾಯಿ ಕೆಳಗಿನದ್ದನ್ನ ಸೇರಿಸುತ್ತೆ. ಹಳೇ ಅನಲಾಗ್ ಥರದ್ದರಲ್ಲಿ ಒಂದು ಸಲಕ್ಕೆ ಒಂದೇ ಸ್ವರ ನುಡಿಸ್ಬೇಕು, ಓಪನ್ ಎ ಗಿಂತ ಕೆಳಗೆ ಹೋದ್ರೆ ತೊದಲುತ್ತೆ. ಆದ್ರೆ ಜಾಣತನದಿಂದ ಬಳಸಿದ್ರೆ ನಿಮ್ ಇ ಫ್ಲಾಟ್ ಕಷ್ಟಕ್ಕೆ ಇದೂ ಒಂದು ದಾರಿ. ಎ ತಂತಿ ಆರನೇ ಫ್ರೆಟ್‌ನಲ್ಲಿ ಇ ಫ್ಲಾಟ್ ಹಿಡಿದು ಆಕ್ಟೇವ್ ಆನ್ ಮಾಡಿ, ಕೆಳಗಿನ ಇ ಫ್ಲಾಟ್ ಬಂತು. ಸದ್ದು ಸಿಂಥ್ ಥರ ದಪ್ಪಗೆ ಇರುತ್ತೆ, ಡ್ಯಾನ್ಸ್ ನಂಬರ್‌ಗೆ ಚೆನ್ನಾಗಿ ಹೊಂದುತ್ತೆ, ಮೆಲೋಡಿ ಹಾಡಿಗೆ ಅಷ್ಟಕ್ಕಷ್ಟೆ.

ಒಂದೆರಡು ಹಾಡಿಗೆ ಮಾತ್ರ ಡಿ ಬೇಕು ಅನ್ನೋರಿಗೆ ನಾನು ಹೇಳೋದು ಡೀಟ್ಯೂನರ್ ಕೀ. ಹಿಪ್‌ಶಾಟ್ ಕಂಪನಿಯ ಎಕ್ಸ್‌ಟೆಂಡರ್ ಹೆಸರುವಾಸಿ, ಇ ತಂತಿಯ ಟ್ಯೂನಿಂಗ್ ಕೀ ತೆಗೆದು ಅದರ ಜಾಗದಲ್ಲಿ ಕೂರಿಸೋದು, ಮರಕ್ಕೆ ಹೊಸ ತೂತು ಸಾಮಾನ್ಯವಾಗಿ ಬೇಕಾಗಲ್ಲ, ಆದ್ರೆ ನಿಮ್ ಹೆಡ್‌ಸ್ಟಾಕ್‌ಗೆ ಯಾವ ಮಾಡಲ್ ಕೂರುತ್ತೆ ಅಂತ ಅಳತೆ ನೋಡ್ಕೊಂಡೇ ತರಿಸಿ. ಹಿಂದುಗಡೆ ಒಂದು ಲಿವರ್ ಇರುತ್ತೆ, ತಿರುವಿದ್ರೆ ಡಿ, ವಾಪಸ್ ತಿರುವಿದ್ರೆ ಇ. ಮೈಕಲ್ ಮ್ಯಾನ್ರಿಂಗ್ ಅನ್ನೋ ಬೇಸ್ ವಾದಕರು ಇಂಥ ಲಿವರ್‌ಗಳನ್ನ ಒಂದಲ್ಲ, ಹಲವು ಕಡೆ ಹಾಕಿಸ್ಕೊಂಡು ನುಡಿಸ್ತಾ ನುಡಿಸ್ತಾನೇ ಶ್ರುತಿ ಬದಲಾಯಿಸ್ತಾರೆ, ನೋಡೋಕೆ ಸಿಕ್ರೆ ಬಿಡ್ಬೇಡಿ.

ಇದನ್ನ ಹೊಂದಿಸೋ ಕ್ರಮ ಸ್ವಲ್ಪ ವಿವರವಾಗಿ ಹೇಳ್ತೀನಿ, ಯಾಕಂದ್ರೆ ದುಡ್ಡು ಕೊಟ್ಟು ಹಾಕಿಸ್ಕೊಂಡು ಸರಿ ನಿಲ್ಲಲ್ಲ ಅಂತ ಬೈಯೋರು ಇಲ್ಲೇ ಎಡವೋದು. ಹೊಸ ತಂತಿ ಹಾಕಿ ಕೈಯಲ್ಲಿ ಚೆನ್ನಾಗಿ ಎಳೆದು ಎಳೆದು ಹಿಗ್ಗಿಸಿ, ಹಿಗ್ಗೋದು ನಿಲ್ಲೋವರೆಗೆ. ನೆಕ್ ತುದೀಲಿ ತಂತಿ ಕೂರೋ ಪಟ್ಟಿ ನಟ್ ಇದೆಯಲ್ಲ, ಅದರಲ್ಲಿ ಇ ತಂತಿ ಕೂರೋ ಸೀಳಿನೊಳಗೆ ಪೆನ್ಸಿಲ್ ಮೊನೆ ಚೆನ್ನಾಗಿ ಉಜ್ಜಿ, ಗ್ರಾಫೈಟ್ ಇದ್ರೆ ತಂತಿ ಜಾರುತ್ತೆ, ಇಲ್ದಿದ್ರೆ ಅಲ್ಲೇ ಕಚ್ಚಿಕೊಂಡು ಇ ಗೆ ವಾಪಸ್ ಬಂದಾಗ ಶ್ರುತಿ ತಪ್ಪಿರುತ್ತೆ. ಆಮೇಲೆ ಲಿವರ್ ಮಾಮೂಲಿ ಜಾಗದಲ್ಲಿ ಇಟ್ಟು ಇ ಸರಿ ಮಾಡಿ, ತಿರುವಿ, ಅದರಲ್ಲಿರೋ ಸಣ್ಣ ಸ್ಕ್ರೂ ತಿರುಗಿಸಿ ಡಿ ಸರಿ ಮಾಡಿ, ಮತ್ತೆ ವಾಪಸ್ ಹೋಗಿ ಇ ನೋಡಿ, ಹೀಗೆ ಎರಡೂ ಕಡೆ ನಿಲ್ಲೋವರೆಗೆ ಓಡಾಡಿಸ್ತಾ ಇರಿ. ಎ, ಡಿ, ಜಿ ಮೂರನ್ನೂ ಒಮ್ಮೆ ನೋಡ್ಕೊಳಿ, ಇ ಸಡಿಲ ಆದಾಗ ನೆಕ್ ಮೇಲಿನ ಎಳೆತ ಕಮ್ಮಿ ಆಗಿ ಅವು ಕೂದಲೆಳೆಯಷ್ಟು ಏರಬಹುದು. ಮತ್ತೆ ಬೆರಳಿನ ಲೆಕ್ಕ ಮರೀಬೇಡಿ, ಇ ಡಿ ಆದ್ಮೇಲೆ ಆ ತಂತಿ ಮೇಲೆ ಜಿ ಐದನೇ ಫ್ರೆಟ್‌ಗೆ ಹೋಯ್ತು, ಎ ಏಳನೇ ಫ್ರೆಟ್‌ಗೆ. ಅದೇ ಲಿವರ್‌ನ ಸಿ ಗೋ ಬಿ ಗೋ ಹೊಂದಿಸಬಹುದು, ಆದ್ರೆ ಮೇಲೆ ಹೇಳಿದ ಬಿಗಿಯ ಲೆಕ್ಕ ಅಲ್ಲಿ ಬಂದು ಕೂತಿರುತ್ತೆ, ಹಾಗಾಗಿ ಡಿ ಗೇ ನಿಲ್ಲಿಸೋದು ಒಳ್ಳೇದು.

ಈಗ ನಿಮ್ ಮೆಟಲ್ ಬ್ಯಾಂಡ್. ಅಲ್ಲಿ ಒಂದು ಹಾಡಲ್ಲ, ಇಡೀ ಸೆಟ್ಟೇ ಕೆಳಗಿದೆ, ಗಿಟಾರ್‌ನವರು ಸಿ ಗೆ ಇಳಿಸಿದಾರೆ ಅಂತ ಬರೆದಿದೀರಿ. ಇದಕ್ಕೆ ನನ್ ಉತ್ತರ ಒಂದೇ, ಮತ್ತೆ ಇದು ನನಗೆ ಎಲ್ಲಕ್ಕಿಂತ ಇಷ್ಟವಾದ ದಾರಿ. ಐದು ತಂತಿ ಸೆಟ್ ತಗೊಳಿ, .130, .105, .085, .065, .045 ಗೇಜ್ (ಇಂಚಿನಲ್ಲಿ ತಂತಿ ದಪ್ಪ) ಬರುತ್ತೆ, ಅದರಲ್ಲಿ ತೆಳ್ಳಗಿನ ಜಿ ನ ಎತ್ತಿಟ್ಟು ಉಳಿದ ನಾಲ್ಕನ್ನ ನಿಮ್ ನಾಲ್ಕು ತಂತಿ ಬೇಸ್‌ಗೆ ಹಾಕಿ, ಬಿ ಇ ಎ ಡಿ ಅಂತ. ಸಿ ಬೇಕಾದ್ರೆ ಮೊದಲನೇ ಫ್ರೆಟ್, ಇಲ್ಲ ಓಪನ್ ಸಿ ನೇ ಬೇಕು ಅಂದ್ರೆ ಆ ದಪ್ಪ ತಂತಿ ಅರ್ಧ ಸ್ವರ ಏರಿಸಿ, ಏರಿಸಿದ್ರೆ ಇನ್ನೂ ಬಿಗಿಯಾಗೇ ಇರುತ್ತೆ, ತೊಂದರೆ ಇಲ್ಲ. ಹೊಸ ಬೇಸ್‌ಗೆ ಹೋಲಿಸಿದ್ರೆ ಖರ್ಚು ತುಂಬಾ ಕಮ್ಮಿ, ನೆಕ್ ಕೈಗೆ ಒಗ್ಗಿದ್ದೇ, ತಂತಿಗಳ ನಡುವಿನ ಅಂತರಾನೂ ಅದೇ.

ಆದ್ರೆ ತಂತಿ ಹಾಕಿ ಸುಮ್ನೆ ಬಿಟ್ರೆ ಆಗಲ್ಲ, ಸೆಟಪ್ ಮಾಡಿಸ್ಲೇಬೇಕು. .105 ಗೆ ಅಂತ ಕೊರೆದ ನಟ್ ಸೀಳಿನಲ್ಲಿ .130 ಒಳಗೆ ಇಳಿಯಲ್ಲ, ಮೇಲೇ ಕೂತು ಮೊದಲನೇ ಫ್ರೆಟ್‌ನಲ್ಲಿ ಸ್ವರ ಏರಿ ಕೇಳುತ್ತೆ. ಅದನ್ನ ಸಣ್ಣ ಅರದಲ್ಲಿ ಅಗಲ ಮಾಡ್ಬೇಕು, ಗೊತ್ತಿರೋರ ಕೈಗೆ ಕೊಡಿ, ಆಳ ಜಾಸ್ತಿ ಆದ್ರೆ ನಟ್ಟೇ ಬದಲಾಯಿಸ್ಬೇಕಾಗುತ್ತೆ. ಒಂದು ಸಲ ಅಗಲ ಮಾಡಿದ ನಟ್‌ನಲ್ಲಿ ಹಳೇ ತೆಳು ತಂತಿ ಸಡಿಲಾಗಿ ಕೂರುತ್ತೆ ಅನ್ನೋದೂ ನೆನಪಿರಲಿ, ಹಾಗಾಗಿ ಒಂದೇ ಬೇಸ್‌ನ ತಿಂಗಳಿಗೊಂದು ಸಲ ಆ ಕಡೆ ಈ ಕಡೆ ಮಾಡೋ ಯೋಚನೆ ಬಿಡಿ. ಬ್ರಿಡ್ಜ್‌ನಲ್ಲಿ ಬಿ ತಂತಿಯ ಸ್ಯಾಡಲ್ (ತಂತಿ ಕೂರೋ ಸಣ್ಣ ತುಂಡು) ಹಿಂದಕ್ಕೆ ಎಳೆದು ಹನ್ನೆರಡನೇ ಫ್ರೆಟ್‌ನಲ್ಲಿ ಸ್ವರ ಸರಿ ಬರುತ್ತಾ ನೋಡಿ, ನೆಕ್ ಒಳಗಿನ ಟ್ರಸ್ ರಾಡ್ ಸರಳು ಕೂಡ ಒಂಚೂರು ತಿದ್ದಬೇಕಾಗಬಹುದು. ಇದೆಲ್ಲ ಆದ್ಮೇಲೆ ಮೀಟೋ ಕೈ ಬ್ರಿಡ್ಜ್ ಕಡೆಗೆ ಸ್ವಲ್ಪ ಸರಿಸಿ, ಮೆಲ್ಲಗೆ ಮೀಟಿ, ಜೋರು ಬೇಕಾದ್ರೆ ಆಂಪ್ ಏರಿಸಿ, ಬೆರಳಲ್ಲಿ ಹೊಡೀಬೇಡಿ.

ಕಳ್ಕೊಳೋದು ಏನು ಅಂದ್ರೆ ಜಿ ತಂತಿ. ಮೆಟಲ್‌ಗೆ ಅದರ ಅಗತ್ಯ ಅಷ್ಟಿಲ್ಲ. ಸಿನಿಮಾ ಹಾಡಿನ ಬೇಸ್ ಲೈನ್‌ಗಳು, ಅದರಲ್ಲೂ ಹಳೇವು, ಮೇಲಿನ ತಂತಿ ಮೇಲೆ ತುಂಬಾ ಓಡಾಡ್ತವೆ, ಅಲ್ಲಿ ಜಿ ಇಲ್ದೆ ಕೈ ಕುಂಟುತ್ತೆ. ಆದ್ದರಿಂದ ಎರಡೂ ಕೆಲಸಕ್ಕೆ ಒಂದೇ ವಾದ್ಯ ಬೇಕು ಅಂದ್ರೆ ಐದು ತಂತಿನೇ ಸರಿ, ಇ ಫ್ಲಾಟ್ ಬಿ ತಂತಿಯ ನಾಲ್ಕನೇ ಫ್ರೆಟ್, ಡಿ ಮೂರನೇ ಫ್ರೆಟ್, ಶ್ರುತಿ ಮುಟ್ಟೋದೇ ಬೇಡ. ಜಿಮ್ಮಿ ಜಾನ್ಸನ್ 1976ರಲ್ಲಿ ಅಲೆಂಬಿಕ್ ಅವರ ಹತ್ರ ಕೆಳಗಿನ ಬಿ ಇರೋ ಐದು ತಂತಿ ಮಾಡಿಸ್ಕೊಂಡ ಕಾಲಕ್ಕೆ ಅದು ಅಪರೂಪದ ವಸ್ತು, ಈಗ ಸಾಧಾರಣ ಬೆಲೆಗೂ ಸಿಗುತ್ತೆ. ಕೊಳ್ಳುವಾಗ ಅಂಗಡೀಲಿ ಬಿ ತಂತಿನೇ ಜಾಸ್ತಿ ನುಡಿಸಿ ನೋಡಿ. ಸಾಮಾನ್ಯ ಸ್ಕೇಲ್, ಅಂದ್ರೆ ನಟ್‌ನಿಂದ ಬ್ರಿಡ್ಜ್‌ವರೆಗಿನ ತಂತಿ ಉದ್ದ, 34 ಇಂಚು, 35 ಇಂಚಿನವೂ ಇವೆ, ಡಿಂಗ್‌ವಾಲ್‌ನವರು ಫ್ರೆಟ್‌ಗಳನ್ನ ಬೀಸಣಿಗೆ ಥರ ಓರೆಯಾಗಿ ಹಾಕಿ ಬಿ ತಂತಿಗೆ 37 ಇಂಚು ಕೊಡ್ತಾರೆ, ಉದ್ದ ಜಾಸ್ತಿ ಆದ್ರೆ ಅದೇ ತಂತಿ ಅದೇ ಸ್ವರಕ್ಕೆ ಹೆಚ್ಚು ಬಿಗಿ ಬರುತ್ತೆ. ಉಲ್ಟಾ ಲೆಕ್ಕಾನೂ ಇದೆ, 30 ಇಂಚಿನ ಶಾರ್ಟ್ ಸ್ಕೇಲ್‌ನಲ್ಲಿ 34ಕ್ಕಿಂತ ಸುಮಾರು 22 ಶೇಕಡ ಬಿಗಿ ಕಮ್ಮಿ, ಅದರಲ್ಲಿ ಬಿ ಹಾಕೋಕೆ ಹೋಗ್ಬೇಡಿ.

ಸ್ಟೇಜ್ ಮೇಲೆ ಟ್ಯೂನ್ ಮಾಡುವಾಗ ಹೆಡ್‌ಸ್ಟಾಕ್‌ಗೆ ಸಿಗಿಸೋ ಕ್ಲಿಪ್ ಟ್ಯೂನರ್ ಬಿ ತಂತಿಗೆ ಒದ್ದಾಡುತ್ತೆ, ಸುತ್ತ ಡ್ರಮ್ಸ್ ಸದ್ದು ಬೇರೆ. ಕೇಬಲ್ ಹಾಕೋ ಪೆಡಲ್ ಟ್ಯೂನರ್ ಇಟ್ಕೊಂಡು ಹನ್ನೆರಡನೇ ಫ್ರೆಟ್ ಹಾರ್ಮೋನಿಕ್ (ತಂತಿ ಒತ್ತದೆ ಬೆರಳು ಸುಮ್ನೆ ತಾಗಿಸಿ) ಮೀಟಿ ನೋಡಿ, ತಕ್ಷಣ ಹಿಡಿಯುತ್ತೆ, ಜನಕ್ಕೂ ಕೇಳ್ಸಲ್ಲ.

ಕೊನೇದಾಗಿ ಸೌಂಡ್‌ನವರ ವಿಷಯ, ಇದನ್ನ ಯಾರೂ ಹೇಳಲ್ಲ. ಇಷ್ಟೆಲ್ಲ ಮಾಡಿ ಮಿಕ್ಸರ್‌ನಲ್ಲಿ ನಿಮ್ ಚಾನಲ್‌ನ ಲೋ ಕಟ್ ಬಟನ್ ಒತ್ತಿದ್ರೆ 80 ಅಥವಾ 100 ಹರ್ಟ್ಜ್ ಕೆಳಗಿನದ್ದು ಅಲ್ಲೇ ಸೋರಿಹೋಗುತ್ತೆ. ಸೌಂಡ್ ಚೆಕ್‌ನಲ್ಲೇ ಅಣ್ಣಾ ಬೇಸ್‌ಗೆ ಲೋ ಕಟ್ ತೆಗೀರಿ ಅಂತ ಹೋಗಿ ಹೇಳಿ, ವಿನಯವಾಗಿ ಹೇಳಿದ್ರೆ ಎಲ್ರೂ ಮಾಡ್ತಾರೆ. ಹಾಗಂತ ಬಿ ತಂತಿಯ 31 ಹರ್ಟ್ಜ್ ಅಷ್ಟೂ ಹೊರಗೆ ಬರ್ಬೇಕು ಅಂತಾನೂ ಇಲ್ಲ. ಆಂಪೆಗ್‌ನ ದೊಡ್ಡ ಎಂಟು ಸ್ಪೀಕರ್ ಕ್ಯಾಬಿನೆಟ್ ಕೂಡ 58 ಹರ್ಟ್ಜ್‌ನಿಂದಲೇ ಇಳಿಯೋಕೆ ಶುರು ಮಾಡುತ್ತೆ, ಆದ್ರೂ ಅದರಲ್ಲಿ ಬಿ ಕೇಳುತ್ತಲ್ಲ, ಯಾಕಂದ್ರೆ ಮೇಲಿನ 62, 93 ಹರ್ಟ್ಜ್ ಸ್ವರಾಂಶಗಳನ್ನ ಕೇಳಿಸ್ಕೊಂಡು ಕಿವಿನೇ ಕೆಳಗಿನದ್ದನ್ನ ತುಂಬ್ಕೊಳುತ್ತೆ. ಅದಕ್ಕೇ ಬೇಸ್ ನಾಬ್ ಪೂರ್ತಿ ತಿರುಗಿಸೋದಕ್ಕಿಂತ ಮಿಡ್ ಸ್ವಲ್ಪ ಎತ್ತಿ, ತಂತಿ ಹಳೇದಾಗೋಕೆ ಬಿಡ್ಬೇಡಿ. ಆರ್ಕೆಸ್ಟ್ರಾದಲ್ಲಾದ್ರೆ ಕೀಬೋರ್ಡ್‌ನವರ ಎಡಗೈ ಮತ್ತೆ ರಿದಂ ಪ್ಯಾಡ್‌ನ ಕಿಕ್ ಡ್ರಮ್ ಸದ್ದು ಎರಡೂ ನಿಮ್ ಜಾಗದಲ್ಲೇ ಬಂದು ಕೂರ್ತವೆ. ನೀವು ಕೆಳಗಿನ ಡಿ ಹಿಡಿಯೋ ಹಾಡಲ್ಲಿ ಎಡಗೈ ಒಂದು ಸ್ಥಾಯಿ ಮೇಲೆ ನುಡಿಸೋಕೆ ಅವರ ಹತ್ರ ಮೊದಲೇ ಮಾತಾಡ್ಕೊಳಿ, ಆ ಒಂದು ಮಾತಿಗೆ ಬರೋ ವ್ಯತ್ಯಾಸ ಯಾವ ಪೆಡಲ್‌ಗೂ ಬರಲ್ಲ.

ನಿಮ್ಗೆ ಅಂತ ಹೇಳೋದಾದ್ರೆ, ದುಡ್ಡು ಈಗ ಕಮ್ಮಿ ಇದ್ರೆ ಇರೋ ಬೇಸ್‌ನ ಬಿ ಇ ಎ ಡಿ ಮಾಡಿ ಮೆಟಲ್‌ಗೆ ಇಟ್ಕೊಳಿ, ಆರ್ಕೆಸ್ಟ್ರಾಗೆ ಸೆಕೆಂಡ್ ಹ್ಯಾಂಡ್ ಐದು ತಂತಿ ಹುಡುಕ್ತಾ ಇರಿ, ಅದು ಸಿಗೋವರೆಗೆ ಯಾರ ಹತ್ರಾದ್ರೂ ಡ್ರಾಪ್ ಪೆಡಲ್ ಕೇಳಿ ತಗೊಂಡು ಎರಡು ಮೂರು ಕಾರ್ಯಕ್ರಮ ನುಡಿಸಿ ನೋಡಿ. ನಿಮ್ ಬೇಸ್ ಸ್ಕೇಲ್ ಎಷ್ಟು, ಈಗ ಯಾವ ಗೇಜ್ ತಂತಿ ಹಾಕಿದೀರಿ ಅಂತ ಬರೆದಿಲ್ಲ. ನಟ್‌ನಿಂದ ಹನ್ನೆರಡನೇ ಫ್ರೆಟ್‌ವರೆಗೆ ಟೇಪ್ ಹಿಡಿದು ಅಳೆದು ಅದನ್ನ ಎರಡರಷ್ಟು ಮಾಡಿದ್ರೆ ಸ್ಕೇಲ್ ಬರುತ್ತೆ, ಅದನ್ನ ಹೇಳಿ, ಯಾವ ಸೆಟ್ ತರಿಸ್ಬೇಕು ಅಂತ ನೋಡೋಣ. ಬಿ ಇ ಎ ಡಿ ಹಾಕಿ ಆರ್ಕೆಸ್ಟ್ರಾದಲ್ಲೂ ನುಡಿಸ್ತಿರೋರು ಯಾರಾದ್ರೂ ಇದ್ರೆ ಜಿ ತಂತಿ ಇಲ್ದೆ ಹೇಗೆ ನಿಭಾಯಿಸ್ತಿದೀರಿ ಬರೀರಿ, ನನಗೂ ತಿಳ್ಕೊಬೇಕು.