ಕುಸ್ತಿಯ ‘ಪಿನ್’ಗೆ ಕನ್ನಡ ಪದ? (ಸಂಜೆಯೊಳಗೆ ಬೇಕು)

ಗೆಳೆಯರೇ, ಅಮೆರಿಕದ ಕುಸ್ತಿಪಟು ಡ್ಯಾನ್ ಗೇಬಲ್ ಬಗ್ಗೆ ಮಕ್ಕಳ ಬರಹವೊಂದನ್ನು ಕನ್ನಡಕ್ಕೆ ತರುತ್ತಿದ್ದೇನೆ. ಅಯೋವಾದ ವಾಟರ್‌ಲೂನಲ್ಲಿ 1948ರಲ್ಲಿ ಹುಟ್ಟಿದವರು. ಹೈಸ್ಕೂಲಿನಲ್ಲಿ 64 ಪಂದ್ಯ, ಒಂದೂ ಸೋಲಿಲ್ಲ. ಕಾಲೇಜಿನಲ್ಲಿ ಸೋತದ್ದು ಕೊನೆಯ ಪಂದ್ಯ ಮಾತ್ರ. ಮೂಲದಲ್ಲಿ ಮಾತುಮಾತಿಗೂ ‘ಪಿನ್’ ಬರುತ್ತದೆ. ಎದುರಾಳಿಯ ಎರಡೂ ಹೆಗಲನ್ನು ನೆಲಕ್ಕೆ ಅದುಮಿ ಹಿಡಿಯುವುದು. ‘ಮಣ್ಣು ಮುಕ್ಕಿಸಿದರು’ ಅಂತ ಹಾಕಿದ್ದೇನೆ. ಸರಿ ಅಲ್ವಾ?

*

ಸರಿಯಲ್ಲ. ಮಣ್ಣು ಮುಕ್ಕುವುದು ಬಾಯಿ. ಅಂದರೆ ಆಳು ಬೋರಲು ಬಿದ್ದಿದ್ದಾನೆ. ಬೋರಲು ಬಿದ್ದವನು ಇನ್ನೂ ಸೋತಿಲ್ಲ. ‘ಬಿದ್ದರೂ ಮೀಸೆ ಮಣ್ಣಾಗಲಿಲ್ಲ’ ಅನ್ನುವ ಗಾದೆಯನ್ನೇ ನೋಡಿ. ಅಂಗಾತ ಬಿದ್ದವನ ಬೆನ್ನಿಗೆ ಮಣ್ಣು ಹತ್ತುತ್ತದೆ, ಮೀಸೆಗೆ ಹತ್ತುವುದಿಲ್ಲ. ಸೋತವನು ಅದನ್ನೇ ಹಿಡಿದುಕೊಂಡು ವಾದಿಸುತ್ತಾನೆ. ಗರಡಿಯಲ್ಲಿ ಎಲ್ಲರೂ ಹೇಳುವುದು ‘ಚಿತ್’. ಅದನ್ನೇ ಹಾಕಿ.

*

‘ಚಿತ್’ ಹಿಂದಿ, ಮರಾಠಿಯ ಮಾತು. ಮೇಲಿನವರೇ ಬಾಯಿಬಿಟ್ಟು ‘ಅಂಗಾತ’ ಅಂದರಲ್ಲ, ಅದೇನು ಕಡಿಮೆ? ‘ಅಂಗಾತ ಕೆಡವಿದರು’ ಅನ್ನಿ. ಇನ್ನೊಂದು ತೊಡಕೂ ಇದೆ. ‘ಚಿತ್ತು ಮಾಡಿದರು’ ಅಂತ ಓದಿದ ಹುಡುಗನಿಗೆ ನೆನಪಾಗುವುದು ಕಾಪಿ ಪುಸ್ತಕದಲ್ಲಿ ತಪ್ಪು ಬರೆದು ಗೀಚಿ ಹಾಕಿದ್ದು.

*

ನಾನು ಬರೆದದ್ದು ‘ಚಿತ್’, ‘ಚಿತ್ತು’ ಅಲ್ಲ. ಕೆಡವುವುದು ಬೇರೆ, ಅದುಮಿ ಹಿಡಿಯುವುದು ಬೇರೆ. 1970ರ ಆ ಕೊನೆಯ ಪಂದ್ಯವನ್ನೇ ತೆಗೆದುಕೊಳ್ಳಿ, ಇಲಿನಾಯ್‌ನ ಇವಾನ್‌ಸ್ಟನ್‌ನಲ್ಲಿ ನಡೆದದ್ದು. ವಾಷಿಂಗ್ಟನ್ ವಿಶ್ವವಿದ್ಯಾಲಯದ ಲ್ಯಾರಿ ಓವಿಂಗ್ಸ್ ಕೊನೆ ಗಳಿಗೆಯಲ್ಲಿ ಗೇಬಲ್‌ರನ್ನು ಕೆಡವಿದರು. ಬೆನ್ನು ಮ್ಯಾಟಿನ ಕಡೆ ವಾಲುವಂತೆ ತಿರುಗಿಸಿದರು. ಅಷ್ಟಕ್ಕೇ ಅಂಕ ಸಿಕ್ಕಿತು, 13-11ರಿಂದ ಗೆದ್ದರು. ಗೇಬಲ್ ಚಿತ್ ಆಗಲಿಲ್ಲ. ‘ಅಂಗಾತ ಕೆಡವಿದರು’ ಅಂತ ಬರೆದರೆ ಈ ವ್ಯತ್ಯಾಸವೇ ಅಳಿಸಿಹೋಗುತ್ತದೆ. ಇನ್ನು ಕುಸ್ತಿ, ಪೈಲ್ವಾನ ಎರಡೂ ಪಾರಸಿಯಿಂದ ಬಂದವು. ಅವನ್ನೂ ತೆಗೆಯುತ್ತೀರಾ?

*

ತೆಗೆಯಬೇಕು. ‘ಮಲ್ಲ’ ಇದೆ. ಅದು ಸಂಸ್ಕೃತ ಅಂತ ಯಾರೂ ಶುರು ಮಾಡಬೇಡಿ, ತಮಿಳಿನಲ್ಲೂ ‘ಮಲ್’ ಅಂದರೆ ಬಲ. ಬೇರೆಯವರ ಪದ ಬಂದಿದೆ ಅಂತ ಬಾಗಿಲು ಸದಾ ತೆರೆದಿಡಬೇಕಿಲ್ಲ. ಪಟ್ಟು, ಹಿಡಿತ, ಬಿಗಿ, ಇವೆಲ್ಲ ನಮ್ಮಲ್ಲೇ ಇರುವಾಗ ಎರವಲು ಯಾಕೆ?

*

ಮಣ್ಣಿನ ಮೇಲೆ ಆಡಿದವರು ಆಡುವ ಮಾತು ಎರವಲಲ್ಲ. ಮುಗಿಯಿತು.

*

ಇಬ್ಬರಿಗೂ ನಮಸ್ಕಾರ. ‘ಮಣ್ಣು ಮುಕ್ಕಿಸಿದರು’ ಎಲ್ಲ ಕಡೆ ತೆಗೆದೆ. ‘ಪಿನ್’ಗೆ ‘ಚಿತ್ ಮಾಡಿದರು’ ಅಂತ ಹಾಕಿ, ಮೊದಲ ಸಲ ಬಂದಲ್ಲಿ ‘ಅಂಗಾತ ಮಲಗಿಸಿ ಎರಡೂ ಹೆಗಲನ್ನು ನೆಲಕ್ಕೆ ಅದುಮಿ’ ಅಂತ ಬಿಡಿಸಿದ್ದೇನೆ. ಓವಿಂಗ್ಸ್ ಪಂದ್ಯಕ್ಕೆ ಬರೀ ‘ಕೆಡವಿದರು’. ಎರಡೇ ವರ್ಷಕ್ಕೆ, 1972ರಲ್ಲಿ, ಗೇಬಲ್ ಮ್ಯೂನಿಕ್ ಒಲಿಂಪಿಕ್ಸ್‌ನಲ್ಲಿ ಒಂದೂ ಅಂಕ ಬಿಟ್ಟುಕೊಡದೆ ಚಿನ್ನ ಗೆದ್ದರು. ಅಲ್ಲಿ ಮೀಸೆ ಗಾದೆ ಸೇರಿಸುವ ಆಸೆ ಇತ್ತು, ಬಿಟ್ಟೆ. ಅದು ಸೋತವನು ಹೇಳುವ ಮಾತು.