ಬೀಸುಕಲ್ಲು ತಿರಗತೈತಿ, ದನಿ ಮಾತ್ರ ಯಾರಿಗೂ ಕೇಳವಲ್ದು (ಆನ್‌ಲೈನ್ ಓಪನ್ ಮೈಕ್)

ಬೆಟಗೇರಿ_ಅಕ್ಕ:
ಎಲ್ಲಾರಿಗೂ ನಮಸ್ಕಾರ್ರಿ. ತಿಂಗಳಾ ಎರಡನೇ ಶನಿವಾರ ರಾತ್ರಿ 8ಕ್ಕ ನಾವು ಗೆಳತ್ಯಾರು ಕೂಡಿ ಆನ್‌ಲೈನ್‌ನಾಗ ಓಪನ್ ಮೈಕ್ ನಡಸ್ತೀವಿ. ಒಬ್ಬೊಬ್ಬರಿಗೆ 5 ನಿಮಿಷ. ಕವಿತಾ ಓದಬಹುದು, ಡೈರಿ ಓದಬಹುದು, ಯಾರೂ ತಿದ್ದಂಗಿಲ್ಲ.

ನಾನು ನಮ್ಮವ್ವನ ಮ್ಯಾಲ ಆರು ತ್ರಿಪದಿ ಬರದೀನಿ. ಅಕಿ ಬೀಸುಕಲ್ಲು ಇನ್ನೂ ಮನ್ಯಾಗ ಐತಿ. ಅಣ್ಣನ ಮಗ ಬಾಜೂಕ ಕುಂತು ಕಲ್ಲು ತಿರುವೋದು, ನಾನು ಅದರ ಗರಗರದ ಮ್ಯಾಲ ಹಾಡಿದಂಗ ಓದೋದು ಅಂತ ಮಾಡಿದ್ವಿ. ಮುಗದ ಮ್ಯಾಲ ಒಬ್ಬಾಕಿ ಕೇಳ್ತಾಳ, ‘ಅಕ್ಕಾ, ಆ ಹುಡುಗ ಯಾಕ ಸುಮ್ಮ ಕೈ ತಿರುವಾಕತ್ತಿದ್ದ?’ ಕಲ್ಲಿನ ಸಪ್ಪಳ ಒಬ್ಬರಿಗೂ ಮುಟ್ಟಿಲ್ರಿ. ಮೂರನೇ ಸಾಲಿಗೆ ನಾನು ದನಿ ಇಳಸ್ತೀನಿ, ಅದೂ ಅರ್ಧಮರ್ಧ ಹೋಗೇತಿ. ಇನ್ನೊಬ್ರು ‘ಬೀಫೂವ ಕಲ್ಲು ಅಂದ್ರೇನ್ರಿ’ ಅಂದ್ರು. ಒಂದು ಸೇರು ಜ್ವಾಳ ಹಿಟ್ಟಾತು, ಅಷ್ಟ ಲಾಭ.

ಮೊದಲನೇದ್ದು ಇದು:

ಬೀಸೂವ ಕಲ್ಲೀಗೆ ಬೆವರೀನ ಹನಿಯಿಟ್ಟು
ಹಾಸೀದ ಹಿಟ್ಟು ಹೊಸ ಬೆಳಕು – ನಮ್ಮವ್ವ
ಕೂಸೀನ ಹಸಿವು ನೆನೆದಾಳ

ಲ್ಯಾಪ್‌ಟಾಪ್, ಝೂಮ್, ಕಿವ್ಯಾಗ ಬ್ಲೂಟೂತ್ ಹೆಡ್‌ಸೆಟ್. ತಪ್ಪು ಎಲ್ಲೈತ್ರಿ?

ಹಾವೇರಿ_ಏಲಕ್ಕಿ:
ನೆಟ್‌ದ್ದ ತ್ರಾಸು ಇರಬೇಕ್ರಿ ಅಕ್ಕಾರ. ವೈಫೈ ಡಬ್ಬಿ ಬಾಜೂಕ ಕುಂತು ಓದಿ ನೋಡ್ರಿ.

ಬೆಟಗೇರಿ_ಅಕ್ಕ:
ಅದು ಮಾಳಿಗಿ ಮ್ಯಾಲ ಐತ್ರಿ. ಕಲ್ಲು ಅಲ್ಲೀತನ ಹೊತ್ತು ಹುಡುಗನ ನಡಾ ಹಿಡೀತು. ಗೆಳತಿಗೆ ಫೋನ್ ಹಚ್ಚಿ ಕೇಳಿದ್ರ ಮತ್ತ ಹಂಗ.

ಉಣಕಲ್_ವೈರ್:
ಏಲಕ್ಕಿ ತಮ್ಮಾ, ಪಾಪ ಆ ಹುಡುಗನ್ನ ಬಿಡೋ. ನೆಟ್ ಕೆಟ್ಟಿದ್ರ ಎಲ್ಲಿ ಬೇಕಾದಲ್ಲಿ ತುಂಡಾಕ್ಕಿತ್ತು, ಮಾರಿ ನಿಂತ ಹೋಕ್ಕಿತ್ತು. ಇಲ್ಲಿ ಯಾವಾಗಲೂ ಕಲ್ಲಿನ ಸಪ್ಪಳಾನ ಹೋಕ್ಕೈತಿ, ಮೂರನೇ ಸಾಲ ಹೋಕ್ಕೈತಿ. ಅಂದ್ರ ನಡುವ ಯಾರೋ ಕುಂತು ಆರಿಸಿ ಒಗ್ಯಾಕತ್ತಾರ.

ಅಕ್ಕಾರ, ಒಂದು ಪರೀಕ್ಷಾ ಮಾಡ್ರಿ. ಝೂಮ್ ಮುಚ್ಚಿ, ಲ್ಯಾಪ್‌ಟಾಪಿನ ಸಾದಾ ರೆಕಾರ್ಡರಿನಾಗ ಅದೇ ತ್ರಿಪದಿ ಎರಡು ಸಲ ಹಾಡ್ರಿ. ಒಮ್ಮೆ ಹೆಡ್‌ಸೆಟ್ ಹಾಕಿ, ಒಮ್ಮೆ ತಗದು.

ಬೆಟಗೇರಿ_ಅಕ್ಕ:
ಮಾಡಿದ್ನಿರಿ. ತಗದಾಗ ಕಲ್ಲು, ದನಿ ಎರಡೂ ಛಲೋ ಬಂದಾವು. ಹಾಕಿದಾಗ ಕೊಡದಾಗ ಮಾರಿ ಇಟ್ಟು ಹಾಡಿದಂಗ. ನನ್ನ ಕಿವಿಗೂ ‘ಬೀಫೂವ’ ಅಂತನ ಕೇಳ್ತು, ನಗೀನೂ ಬಂತು ಸಿಟ್ಟೂ ಬಂತು.

ಉಣಕಲ್_ವೈರ್:
ಹಂಗಾರ ಕಳ್ಳರು ಇಬ್ರು.

ಒಂದನೇದಂವ ಹೆಡ್‌ಸೆಟ್. ಬ್ಲೂಟೂತಿನಾಗ ಬರೇ ಹಾಡು ಕೇಳೋ ಮುಂದ ದನಿ ಚೊಕ್ಕ ಇರ್ತೈತಿ. ಅದರ ಮೈಕ್ ಬಳಸೋದು ಸುರು ಆದ ಕೂಡ್ಲೇ ಅದು ಫೋನ್ ಕರೆಯ ದಾರಿಗೆ ಹೊಳ್ಳತೈತಿ. ಹಳೇ ಹೆಡ್‌ಸೆಟ್ ಆದ್ರ ಸೆಕೆಂಡಿಗೆ 8000 ಸಲ ಅಷ್ಟ ದನಿ ಅಳೀತೈತಿ, ಹೊಸಾವು 16000. 8000 ಇದ್ರ ಅದರ ಅರ್ಧ, ಅಂದ್ರ 4000 ಹರ್ಟ್ಸ್‌ಗಿಂತ (ಸೆಕೆಂಡಿಗೆ 4000 ನಡುಕ) ಮ್ಯಾಲಿನ ದನಿ ಉಳಿಯಂಗಿಲ್ಲ. ‘ಸ’ದ ಸುಯ್ ಅನ್ನೋದು ಬಹಳಷ್ಟು ಅದಕಿಂತ ಮ್ಯಾಲ ಇರ್ತೈತಿ. ಅದು ಹ್ವಾದ್ರ ‘ಫ’ ಅಂತ ಕೇಳತೈತಿ.

ಎರಡನೇದಂವ ಝೂಮಿನ ಸದ್ದು ತಗಿಯೋ ಸೌಲಭ್ಯ. ಮನಷ್ಯಾನ ಮಾತು ಇಟ್ಕೊಂಡು ಉಳದದ್ದು ಒಗಿ ಅಂತ ಅದಕ್ಕ ಕಲಿಸ್ಯಾರ. ಆಫೀಸಿನ ಮೀಟಿಂಗಿಗೆ ಭೇಷ್ ಐತಿ. ಫ್ಯಾನು, ಮಿಕ್ಸರು, ಹೀಂಗ ಒಂದಸಮ ಬರೋ ಸಪ್ಪಳ ಎಲ್ಲಾ ಕಸ ಅದಕ್ಕ. ನಿಮ್ಮವ್ವನ ಕಲ್ಲು ಅದರ ಲೆಕ್ಕದಾಗ ಮಿಕ್ಸರಿನ ಅಕ್ಕ! ನೀವು ದನಿ ಇಳಿಸಿ ಕಲ್ಲಿನ ಸಮಕ್ಕ ಬಂದಾಗ, ಕೇರೋ ಮುಂದ ಹೊಟ್ಟಿನ ಕೂಡ ಕಾಳೂ ಹಾರಿ ಹೋಕ್ಕಾವು.

ಇದಕ್ಕ ಸೆಟ್ಟಿಂಗ್ಸ್‌ನ ಆಡಿಯೋದಾಗ ‘ಒರಿಜಿನಲ್ ಸೌಂಡ್ ಫಾರ್ ಮ್ಯೂಜಿಶಿಯನ್ಸ್’ ಅಂತ ಐತಿ, ಅದನ್ನ ಆರಿಸ್ರಿ. ಅಷ್ಟಕ್ಕ ಬಿಡಬ್ಯಾಡ್ರಿ. ಮೀಟಿಂಗಿನೊಳಗ ಹ್ವಾದ ಮ್ಯಾಲ ಅದೇ ಹೆಸರಿನ ಗುಂಡಿ ಕಾಣತೈತಿ, ಅದೂ ಆನ್ ಇರಬೇಕು. ಸೆಟ್ಟಿಂಗ್ ಹಾಕಿ ಗುಂಡಿ ಮರತು ‘ಏನೂ ಆಗಲಿಲ್ರಿ’ ಅನ್ನೋರ ಬಹಳ. ಬ್ಲೂಟೂತ್ ಬಿಟ್ಟು ವೈರಿನ ಇಯರ್‌ಫೋನ್ ಕಿವಿಗೆ, ಮೈಕ್ ಲ್ಯಾಪ್‌ಟಾಪಿಂದ. ಇನ್ನ ಮ್ಯಾಲ ನಿಮ್ಮ ಫ್ಯಾನು, ಕುಕ್ಕರ್ ಸೀಟಿ ಎಲ್ಲಾ ಊರಿಗೇ ಕೇಳ್ತಾವು, ಅದಕ್ಕ ನಾ ಜವಾಬ್ದಾರ ಅಲ್ಲ.

ಸಪ್ತಾಪುರ_ಮಾಸ್ತರ:
ಉಣಕಲ್ಲಿನವರು ಹೇಳಿದ್ದು ಖರೆ ಅದ. ಆದ್ರ ಇಲ್ಲಿ ಹೋದದ್ದು ಒಂದು ಅಕ್ಷರ ಅಷ್ಟ ಅಲ್ರೀ. ತಾಯಿ, ನಿಮ್ಮ ತ್ರಿಪದಿ ಮತ್ತೊಮ್ಮೆ ನೋಡ್ರಿ. ಬೀಸೂ, ಹಾಸೀ, ಕೂಸೀ. ಮೂರೂ ಸಾಲಿನ ಎರಡನೇ ಅಕ್ಷರ ‘ಸ’. ಆದಿಪ್ರಾಸಾನ ಅದರ ಮ್ಯಾಲ ನಿಂತದ. ಹೆಡ್‌ಸೆಟ್ಟು ನಿಮ್ಮ ಪ್ರಾಸ ತಿಂದದ! ಇಷ್ಟು ವರ್ಷ ಪ್ರಾಸ ತಪ್ಪಿಸೋ ಹುಡುಗೂರನ್ನ ಬೈದೀನಿ, ಯಂತ್ರ ತಪ್ಪಿಸಿದ್ದು ಇದ ಮೊದಲು ನೋಡಿದ್ದು.

ಇನ್ನೊಂದು. ಹಾಡೋ ಮುಂದ ಎರಡನೇ ಸಾಲಿನ ತುಂಡು ಹೊಳ್ಳಿ ಅಂದು ಮೂರನೇದಕ್ಕ ಬರ್ತೀರಲ್ಲ, ಅಲ್ಲಿ ಉಸಿರು ಸಾಲದ ದನಿ ಬೀಳ್ಲಿಕತ್ತಿದ್ರ ಯಾವ ಗುಂಡೀನೂ ಕಾಯಂಗಿಲ್ಲ. ‘ನಮ್ಮವ್ವ’ ಆದ ಮ್ಯಾಲ ಉಸಿರು ತೊಗೋರಿ. ವಿದ್ಯಾವರ್ಧಕ ಸಂಘದ ಸಭಾಭವನದಾಗ ಓದಿದಂಗ ಕಡೇ ಸಾಲಿಗೆ ಮುಟ್ಟಸ್ಲಿಕ್ಕೆ ಒದರೋದು ಬ್ಯಾಡ. ಲ್ಯಾಪ್‌ಟಾಪಿಗೆ ಎರಡು ಗೇಣು ದೂರ, ಸ್ವಲ್ಪ ಓರೆ ಕೂತ್ರ ಸಾಕು.

ಬೆಟಗೇರಿ_ಅಕ್ಕ:
ಈ ಸಲದ ಓಪನ್ ಮೈಕ್‌ನಾಗ ಕಲ್ಲು ಎಲ್ಲಾರಿಗೂ ಕೇಳ್ತ್ರಿ! ಮೊದಲ ಲ್ಯಾಪ್‌ಟಾಪ್ ನೆಲದ ಮ್ಯಾಲ ಇಟ್ಟಿದ್ನಿ, ಕಲ್ಲಿನ ನಡುಕ ಹತ್ತಿ ಗುಡುಗಿದಂಗ ಆತು. ಕೌದಿ ಮೂರು ಮಡಿಕಿ ಮಾಡಿ ಅದರ ಮ್ಯಾಲ ಇಟ್ಟಿಂದ ಸುಮ್ಮನಾತು. ಫ್ಯಾನ್ ಬಂದ್ ಮಾಡಿ ಬೆವತು ನೀರಾದ್ವಿ.

ಮೂರನೇ ತ್ರಿಪದಿ ನಡದಿತ್ತು, ಹಾನಗಲ್ ಕಡೆಯ ಒಬ್ಬಾಕಿ ಅಜ್ಜಿ ಮ್ಯೂಟ್ ತಗಸಿ, ‘ಏ ತಮ್ಮಾ, ಕಲ್ಲು ಬರೇ ತಿರಗಾಕತ್ತೈತಿ, ಕಾಳ ಹಾಕೋ’ ಅಂದ್ಲು. ನೋಡಿದ್ರ ಖರೇನ ಕಾಳು ಮುಗದಿದ್ವು. ನನಗ ಬಾಜೂಕ ಕುಂತು ಗೊತ್ತಾಗಿದ್ದಿಲ್ಲ.

ಇನ್ನ ಎರಡು ಸಣ್ಣ ತ್ರಾಸು. ತ್ರಿಪದಿ ಚಾಟ್‌ನಾಗ ಹಾಕಿದ್ರ ಇಂಗ್ಲಿಷ್ ಅಕ್ಷರದ ತಲಿಮ್ಯಾಲ ಟೊಪ್ಪಿಗಿ ಇಟ್ಟಂಗ ಏನೇನೋ ಬಂತು. ಮತ್ತ ನಾ ಮುಗಿಸಿದ್ದ ತಡ, ಮೀಟಿಂಗ್ ತಾನ ಬಂದಾತು. ಏಳನೇ ಪಾಳಿ ಆ ಅಜ್ಜೀದ ಇತ್ತು.

ಸಪ್ತಾಪುರ_ಮಾಸ್ತರ:
ಹಳೇ ನುಡಿ ಫಾಂಟಿನಾಗ ಟೈಪ್ ಮಾಡಿರಬೇಕು. ಅದು ಕನ್ನಡದ ರೂಪಗಳನ್ನ ಇಂಗ್ಲಿಷ್ ಅಕ್ಷರದ ಜಾಗಾದಾಗ ಕೂಡಿಸಿರ್ತದ, ಆ ಫಾಂಟು ಇಲ್ಲದಲ್ಲಿ ವೇಷ ಕಳಚ್ತದ. ಎಲ್ಲಾ ಫೋನು, ಕಂಪ್ಯೂಟರಿನಾಗ ಕನ್ನಡಾನ ಆಗಿ ಕಾಣೋ ಯೂನಿಕೋಡಿಗೆ ಬದಲಿಸಿ ಹಾಕ್ರಿ. ಬದಲಿಸಿದ ಮ್ಯಾಲ ಒತ್ತಕ್ಷರ, ಅರ್ಕಾವತ್ತು ಒಮ್ಮೆ ಕಣ್ಣಾಡಸ್ರಿ.

ಉಣಕಲ್_ವೈರ್:
ಪುಕ್ಕಟೆ ಖಾತೆಗೆ 40 ನಿಮಿಷ ಅಷ್ಟ. ಲೆಕ್ಕಕ್ಕ 8 ಮಂದಿ ಹಿಡೀತಾರ, ಆದ್ರ ‘ನನ್ನ ದನಿ ಕೇಳತೈತೇನ್ರಿ’ ಅನ್ನೋದ ಹತ್ತು ನಿಮಿಷ ತಿಂತೈತಿ. ಆರು ಮಂದೀನ್ನ ಬರಕೋರಿ.

ಬೆಟಗೇರಿ_ಅಕ್ಕ:
ಹಂಗಾರ ಬರೋ ತಿಂಗಳು ಅಜ್ಜೀನ್ನ ಮೊದಲಿಗೆ ಹಾಕ್ತೀನಿ. ಅಕಿ ಬರದಿಲ್ಲ, ಬಾಯಿಲೆನ ಹೇಳ್ತಾಳಂತ. ಆದ್ರ ಅಕಿ ಕಡೆ ಇರೋದು ಮೊಬೈಲು. ಅದರಾಗ ಆ ಗುಂಡಿ ಎಲ್ಲೈತ್ರಿ?

ಉಣಕಲ್_ವೈರ್:
ಮೊದಲ ಸೆಟ್ಟಿಂಗ್ಸ್‌ನಾಗ ‘ಒರಿಜಿನಲ್ ಸೌಂಡ್’ ಆನ್ ಮಾಡಬೇಕು, ಆಮ್ಯಾಲ ಮೀಟಿಂಗಿನೊಳಗ ‘ಮೋರ್’ ಒತ್ತಿದ್ರ ಸಿಗತೈತಿ. ಅಜ್ಜಿಗೆ ಫೋನಿನ ಮ್ಯಾಲ ಹೇಳಾಕ ಹೋಗಬ್ಯಾಡ್ರಿ, ಅವರ ಮನ್ಯಾಗಿನ ಯಾವುದರ ಹುಡುಗನ ಕೈಯಾಗ ಕೊಡಸ್ರಿ.