ಬ್ಯಾಳಿ ತುಂಬೋ ಮಷಿನ್: ಸೊಲೆನಾಯ್ಡ್ ಬಿಟ್ಟ ಕೂಡ್ಲೆ ಆರ್ಡುಯಿನೊ ರೀಸೆಟ್ ಆಗ್ತದ

ತೊಗರಿಕಣ (ಕಲಬುರಗಿ):
ಅರ್ಧ ಕೆಜಿ ತೊಗರಿಬ್ಯಾಳಿ ಪಾಕೀಟು ತುಂಬೋ ಮಷಿನ್ ರೀ. ನಡಸೋದು ಆರ್ಡುಯಿನೊ ಊನೊ (ಪ್ರೋಗ್ರಾಂ ಹಾಕೋ ಸಣ್ಣ ಬೋರ್ಡ್), ಆಗರ್‌ಗೆ (ಬ್ಯಾಳಿ ತಳ್ಳೋ ತಿರುಪು) ನೆಮಾ 23 ಸ್ಟೆಪ್ಪರ್ ಮೋಟರ್, ಅದನ್ನ ತಿರುಗಿಸಲಿಕ್ಕ ಟಿಬಿ6600 ಡ್ರೈವರ್. ಕೆಳಗಿನ ಬಾಗ್ಲಕ್ಕ 12 ವೋಲ್ಟಿನ ಸೊಲೆನಾಯ್ಡ್ (ಕರೆಂಟ್ ಕೊಟ್ರ ಸಲಾಕಿ ಎಳೆಯೋ ತಂತಿ ಸುರುಳಿ, ಅಂದ್ರ ಕಾಯಿಲ್), ಅದನ್ನ ಆನ್-ಆಫ್ ಮಾಡಲಿಕ್ಕ ಬೋರ್ಡಿನ ಪಿನ್ನಿಂದ ಸೀದಾ ಐಆರ್‌ಎಫ್540 ಮಾಸ್‌ಫೆಟ್ (ಎಲೆಕ್ಟ್ರಾನಿಕ್ ಸ್ವಿಚ್). ತೂಕಕ್ಕ ಲೋಡ್‌ಸೆಲ್ (ತೂಕದ ಸೆನ್ಸರ್), ಅದನ್ನ ಓದಲಿಕ್ಕ ಎಚ್‌ಎಕ್ಸ್711 ಬೋರ್ಡು. ಬಾಗ್ಲ ಮುಚ್ಚೋ ಹೊತ್ತಿಗೆ ಬೋರ್ಡ್ ರೀಸೆಟ್ ಆಗ್ತದ, ಮಾಸ್‌ಫೆಟ್ ಕಾದು ಬಿಸಿ ಆಗ್ತದ, ತೂಕ 10-15 ಗ್ರಾಂ ಜಾಸ್ತಿ ಬೀಳ್ತದ.

ಬೆಸುಗೆ (ಬೀದರ್):
ಡಯೋಡ್ (ಕರೆಂಟ್ ಒಂದೇ ದಿಕ್ಕಿಗೆ ಬಿಡೋ ಭಾಗ) ಹೆಸರೇ ಇಲ್ಲಲ್ರೀ! ಕಾಯಿಲ್ ಕರೆಂಟ್ ಒಮ್ಮೆಲೆ ಕಡಿದ್ರ ನೂರಾರು ವೋಲ್ಟ್ ಎದ್ದು ಬರ್ತದ. ಕಾಯಿಲಿನ ಎರಡೂ ತುದಿಗೆ ಅಡ್ಡ 1ಎನ್4007 ಡಯೋಡ್ ಹಾಕ್ರಿ, ಪಟ್ಟಿ ಇರೋ ತುದಿ ಪ್ಲಸ್‌ಗೆ. ಬೋರ್ಡಿನ ಮ್ಯಾಲ ಬ್ಯಾಡ, ಸೊಲೆನಾಯ್ಡಿನ ಕಾಲಿಗೇ ಬೆಸೀರಿ.
ಐಆರ್‌ಎಫ್540ಗೆ ಗೇಟಿನಾಗ (ಸ್ವಿಚ್ ತೆರೆಯೋ ಕಾಲು) 10 ವೋಲ್ಟ್ ಬೇಕು. 5 ವೋಲ್ಟಿಗೆ ಪೂರ್ತಿ ತೆರಿಯಂಗಿಲ್ಲ, ಅದಕ್ಕ ಕಾಯ್ತದ. 5 ವೋಲ್ಟಿಗೇ ತೆರೆಯೋ ಮಾಸ್‌ಫೆಟ್ ಐಆರ್‌ಎಲ್‌ಝಡ್44ಎನ್ ತಗೋರಿ. ಪಿನ್-ಗೇಟ್ ನಡುವ 220 ಓಮ್ ರೆಸಿಸ್ಟರ್, ಗೇಟಿಂದ ಗ್ರೌಂಡಿಗೆ (ಮೈನಸ್) 10ಕೆ, ಅಂದ್ರ 10 ಸಾವಿರ ಓಮ್. ಈ 10ಕೆ ಇಲ್ಲಂದ್ರ ಬೋರ್ಡ್ ಚಾಲೂ ಆಗೋವಾಗ ಗೇಟ್ ತೇಲ್ತದ (ಆನೋ ಆಫೋ ನಿಕ್ಕಿ ಇರಂಗಿಲ್ಲ), ಬಾಗ್ಲ ತೆರದು ಬ್ಯಾಳಿ ನೆಲಕ್ಕ.

ಶಹಾಪುರ್_ಸರ್ಕ್ಯೂಟ್:
ಡಯೋಡ್ ಒಂದರಿಂದ ಮುಗಿಯಂಗಿಲ್ಲ. ಸೊಲೆನಾಯ್ಡಿನ ಮೈನಸ್ ಆರ್ಡುಯಿನೊ ಗ್ರೌಂಡ್ ಮೂಲಕ ಹೋಗಬಾರ್ದು. ಎಲ್ಲಾ ಮೈನಸ್ ಎಸ್‌ಎಂಪಿಎಸ್ (12 ವೋಲ್ಟ್ ಕೊಡೋ ಪವರ್ ಸಪ್ಲೈ) ಟರ್ಮಿನಲ್‌ನಾಗ ಒಂದೇ ಕಡಿ ಕೂಡಲಿ. ಬೋರ್ಡಿಗೆ ಎಲ್‌ಎಂ2596ದಿಂದ (ವೋಲ್ಟ್ ಇಳಿಸೋ ಮಾಡ್ಯೂಲ್) 5 ವೋಲ್ಟ್ ಕೊಡ್ರಿ, ಆಗ ಯುಎಸ್‌ಬಿ ತೆಗದಿರಬೇಕು. ಸೊಲೆನಾಯ್ಡ್ ಹತ್ರ 1000 ಮೈಕ್ರೊಫ್ಯಾರಡ್, 25 ವೋಲ್ಟಿನ ಕೆಪಾಸಿಟರ್ ಹಾಕ್ರಿ. ಲೋಡ್‌ಸೆಲ್ ತಂತಿ ಮೋಟರ್ ತಂತಿ ಜೋಡಿ ಒಂದೇ ಪೈಪಿನಾಗ ಹಾಕಬ್ಯಾಡ್ರಿ.
ತೂಕದ್ದು ಬ್ಯಾರೆ ಮಾತು. ಎಚ್‌ಎಕ್ಸ್711 ಬೋರ್ಡು ಸಾಮಾನ್ಯವಾಗಿ ಸೆಕೆಂಡಿಗೆ 10 ರೀಡಿಂಗ್ ಕೊಡ್ತದ. ನೀವು ನೋಡೋದ್ರಾಗ ಬ್ಯಾಳಿ ಬಿದ್ದಿರ್ತದ. ಅದರ ರೇಟ್ ಪಿನ್ ಪ್ಲಸ್‌ಗೆ ಕೂಡಿಸಿದ್ರ 80, ಆದ್ರ ಅಂಕಿ ಜಾಸ್ತಿ ಕುಣೀತಾವ. ಅದಕ್ಕಿಂತ ಆಗರ್ 450 ಗ್ರಾಂ ತನಕ ಜೋರು ತಿರುಗಲಿ, ಆಮ್ಯಾಲ ಐದರಾಗ ಒಂದು ಪಾಲು ವೇಗ. ಗಾಳಿಯಾಗ ಇರೋ ಬ್ಯಾಳಿ ಎಷ್ಟು ಅಂತ 20 ಪಾಕೀಟಿನ ಸರಾಸರಿ ತಗದು, ಅಷ್ಟು ಮೊದಲೇ ಮುಚ್ರಿ.
ಸೊಲೆನಾಯ್ಡಿಗೆ 150 ಮಿಲಿಸೆಕೆಂಡ್ ಪೂರ್ತಿ ಕೊಟ್ಟು, ಹಿಡಿದಿಡಲಿಕ್ಕ ಪಿಡಬ್ಲ್ಯೂಎಂ (ಜಲ್ದಿ ಜಲ್ದಿ ಆನ್-ಆಫ್ ಮಾಡಿ ಕರೆಂಟ್ ಕಡಿಮಿ ಮಾಡೋದು) 40 ಪರ್ಸೆಂಟ್ ಸಾಕಾಗ್ತದೇನು ನೋಡ್ರಿ. ನಮ್ಮ ಬ್ಯಾಸಗಿ ಬಿಸಿಲಿಗೆ ಮೊದಲೇ ಕಾದ ಕಾಯಿಲ್ ಇನ್ನೂ ಕಾದ್ರ ಓಮ್ ಏರಿ ಎಳೆಯೋ ಬಲ ಇಳೀತದ. ಕರೆಂಟ್ ಹೋದ್ರ ಸ್ಪ್ರಿಂಗ್ ಬಾಗ್ಲ ಮುಚ್ಚೋ ಹಂಗೇ ಕೂಡಿಸ್ರಿ.

ತೊಗರಿಕಣ:
ಡಯೋಡ್ ಹಾಕೀನ್ರಿ, ರೀಸೆಟ್ ನಿಂತದ. ಆದ್ರ ಬಾಗ್ಲ ಮೊದಲಿಗಿಂತ ತಡಾ ಮಾಡಿ ಮುಚ್ಚಲಿಕತ್ತದ.

ಬೆಸುಗೆ:
ಕರೆಂಟ್ ಡಯೋಡಿನಾಗ ಸುತ್ತಿ ನಿಧಾನ ಇಳೀತದ, ಅದಕ್ಕ. ತಡ ಪ್ರತಿಸಲ ಒಂದೇ ಇದ್ರ ಮುಂಗಡ ಲೆಕ್ಕದಾಗ ಸೇರಿಸಿಬಿಡ್ರಿ. ಬ್ಯಾಡ ಅಂದ್ರ ಡಯೋಡಿಗೆ ಸರಣಿಯಾಗಿ 24 ವೋಲ್ಟ್ 5 ವ್ಯಾಟ್ ಝೀನರ್ (ಗೊತ್ತಾದ ವೋಲ್ಟ್ ಮೀರಿದ್ರ ಉಲ್ಟಾ ದಿಕ್ಕಿಗೂ ಕರೆಂಟ್ ಬಿಡೋ ಡಯೋಡ್) ಹಾಕ್ರಿ: ಪಟ್ಟಿ ಇರೋ ತುದಿ ಮಾಸ್‌ಫೆಟ್ ಡ್ರೇನಿಗೆ (ಸೊಲೆನಾಯ್ಡ್ ಕೂಡೋ ಕಾಲು), ಇನ್ನೊಂದು ತುದಿ ಡಯೋಡಿನ ಪಟ್ಟಿ ಇಲ್ಲದ ತುದಿಗೆ. ಡ್ರೇನ್ ಸುಮಾರು 37 ವೋಲ್ಟ್ ತನಕ ಏರ್ತದ, ಹೊಸ ಮಾಸ್‌ಫೆಟ್ 55 ವೋಲ್ಟಿಂದು, ತಡೀತದ. ಆದ್ರ ಝೀನರ್ ಹಾಕಿದ ಮ್ಯಾಲ 40 ಪರ್ಸೆಂಟ್ ಪಿಡಬ್ಲ್ಯೂಎಂ ನಡಿಯಂಗಿಲ್ಲ, ಎರಡರಾಗ ಒಂದು ಆರಿಸ್ರಿ.